ಇಬ್ಬರು ಮಕ್ಕಳು, ಹಾಲಿನ ಕ್ಯಾನ್, ಮನೆ ಎದುರೇ ಚಡಾವು: ಕಮ್ಮಿ ಖರ್ಚಿನ ಇಲೆಕ್ಟ್ರಿಕ್ ಕಾರ್ಗೋ ಸೈಕಲ್ ಯಾವುದು ಒಳ್ಳೆದು?

ತೋಟದಮನೆ, ನೀರ್ಚಾಲು:
ನಮಸ್ಕಾರ ಎಲ್ಲರಿಗೂ. ಕೇರಳದ ಕಾಸರಗೋಡು ಕಡೆ ನಮ್ಮ ಮನೆ, ಮೇನ್ ರೋಡಿಂದ ಕೆಳಗೆ ತೋಟಕ್ಕೆ ಇಳಿಯುವ ಕಾಂಕ್ರೀಟ್ ದಾರಿಯಲ್ಲಿ. ಮಗಳು ಎರಡನೇ ಕ್ಲಾಸು, ಮಗ ಅಂಗನವಾಡಿ. ಬೆಳಿಗ್ಗೆ ಇಬ್ಬರನ್ನೂ ಬಿಟ್ಟು, ಸೊಸೈಟಿಗೆ ಹಾಲು ಕೊಟ್ಟು, ಬರುವಾಗ ರೇಷನ್ನೋ ಹಿಂಡಿಯೋ ತರ್ಲಿಕ್ಕೆ ಒಂದು ಗಾಡಿ ಬೇಕು. ನನಗೆ ಲೈಸೆನ್ಸ್ ಇಲ್ಲ, ಸೈಕಲ್ ಚೆನ್ನಾಗಿ ಬರ್ತದೆ. ನಾದಿನಿ ನೆದರ್ಲೆಂಡ್ಸಿನಲ್ಲಿದ್ದಾಳೆ, ಅಲ್ಲಿ ಅಮ್ಮಂದಿರು ಹಿಂದೆ ಉದ್ದದ ಕ್ಯಾರಿಯರಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡು ಹೋಗುವ ವಿಡಿಯೋ ಕಳಿಸಿದ್ಳು, ನೋಡಿದಾಗಿಂದ ತಲೆಯಲ್ಲಿ ಅದೇ. ಬಜೆಟ್ 70 ಸಾವಿರದೊಳಗೆ. ಗೊತ್ತಿದ್ದವರು ಹೇಳಿ.

ಪೆರ್ಲದ ಸೈಕಲ್ಲಿನವ:
ಅಕ್ಕ, ವಿಡಿಯೋದ್ದು ಬಿಟ್ಟುಬಿಡಿ. ಟರ್ನ್, ಅರ್ಬನ್ ಆರೋ ಅಂತ ಹೊರದೇಶದ ಕಂಪೆನಿಗಳ ಕಾರ್ಗೋ ಸೈಕಲ್ ಎಲ್ಲ ಇಲ್ಲಿಗೆ ಬರುವಾಗ ನಾಲ್ಕು ಲಕ್ಷ ದಾಟ್ತದೆ. ನಮ್ಮಲ್ಲಿ ಸಿಗುವ ಕಾರ್ಗೋ ಇ-ಸೈಕಲ್ ಹೆಚ್ಚಿನವು ಡೆಲಿವರಿ ಹುಡುಗರಿಗೆ ಅಂತ ಮಾಡಿದ್ದು, ಬಾಕ್ಸ್ ಇಡ್ಲಿಕ್ಕೆ ಜಾಗ ಉಂಟು, ಮಕ್ಕಳ ಕಾಲಿಡ್ಲಿಕ್ಕೆ ಇಲ್ಲ. ಫುಟ್‌ರೆಸ್ಟ್, ಹಿಡ್ಕೊಳ್ಳಲಿಕ್ಕೆ ರಾಡ್, ಚಕ್ರಕ್ಕೆ ಕಾಲೋ ಸೀರೆಯೋ ಸಿಕ್ಕಿಹಾಕಿಕೊಳ್ಳದ ಹಾಗೆ ಗಾರ್ಡ್, ಇಷ್ಟನ್ನು ವೆಲ್ಡಿಂಗ್‌ನವರ ಹತ್ರ ಮಾಡಿಸ್ಬೇಕು. ಚಕ್ರ 20 ಇಂಚಿನದ್ದಾದ್ರೆ ಭಾರ ಕೆಳಗೆ ಕೂರ್ತದೆ, ಮಕ್ಕಳು ಅಲುಗಾಡಿದ್ರೂ ಗಾಡಿ ವಾಲುವುದು ಕಮ್ಮಿ.

ಆದ್ರೆ ನಮ್ಮ ಊರಲ್ಲಿ ಮೊದಲು ನೋಡ್ಬೇಕಾದ್ದು ಚಡಾವು. ನೀವು, ಮಕ್ಕಳು, ಸೈಕಲ್, ಹಾಲು ಸೇರಿ 150 ಕಿಲೋ ಅಂತ ಹಿಡಿಯಿರಿ. ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯಲ್ಲಿ 250 ವ್ಯಾಟ್ ಮೋಟರಿಗೆ ನಿಮ್ಮ ಕಾಲಿನ 100 ವ್ಯಾಟ್ ಸೇರಿಸಿದ್ರೂ ಗಂಟೆಗೆ ಏಳೆಂಟು ಕಿಲೋಮೀಟರ್ ಅಷ್ಟೇ. ಅಷ್ಟು ನಿಧಾನಕ್ಕೆ ತಿರುಗುವಾಗ ಚಕ್ರದೊಳಗಿನ ಹಬ್ ಮೋಟರ್ ಬಿಸಿಯಾಗ್ತದೆ, ಉದ್ದ ಚಡಾವಾದ್ರೆ ಕಷ್ಟ. ಪೆಡಲ್ ಹತ್ರ ಇರುವ ಮಿಡ್ ಮೋಟರಿಗೆ ಗೇರಿನ ಸಹಾಯ ಸಿಗ್ತದೆ, ಅದು ಏರ್ತದೆ, ಆದ್ರೆ ರೇಟು ಜಾಸ್ತಿ. ಫೋನಿನ ಲೆವೆಲ್ ಆಪ್ ಹಾಕಿ ನಿಮ್ಮ ದಾರಿಗೆ ತಾಗಿಸಿ ನೋಡಿ. ಹತ್ತತ್ರ ಆರು ಡಿಗ್ರಿ ತೋರಿಸಿದ್ರೆ ಅದೇ ಹತ್ತು ಪರ್ಸೆಂಟ್.

ಕುಂಬಳೆ ಪೇಟೆಯಿಂದ:
ನಾನು ಬೇರೆ ಹೇಳ್ತೇನೆ. ಇ-ಲೂನಾ ಅಂತ ಇಲೆಕ್ಟ್ರಿಕ್ ಮೊಪೆಡ್ ನೋಡಿ ಅಕ್ಕ, ಕೈನೆಟಿಕ್ ಗ್ರೀನ್‌ನವರು 2024ರ ಫೆಬ್ರವರಿಯಲ್ಲಿ ತಂದದ್ದು, ಆಗ 70 ಸಾವಿರದ ಹತ್ರ ಶುರು ಇತ್ತು. 2 ಕಿಲೋವ್ಯಾಟ್-ಅವರ್ ಬ್ಯಾಟರಿ, 150 ಕಿಲೋ ಹೊರ್ತದೆ ಅಂತ ಕಂಪೆನಿಯ ಲೆಕ್ಕ, ಹಿಂದಿನ ಸೀಟು ತೆಗೆದು ಗೋಣಿ ಇಡ್ಬಹುದು. ಲೈಸೆನ್ಸ್ ಮಾಡಿಸಿಕೊಳ್ಳಿ, ಮುಂದಕ್ಕೂ ಉಪಯೋಗ ಆಗ್ತದೆ. ಸೈಕಲ್ಲಿಗೆ 70 ಸಾವಿರ ಹಾಕ್ಲಿಕ್ಕೆ ನನಗಂತೂ ಮನಸ್ಸು ಬರುವುದಿಲ್ಲ.

ಪೆರ್ಲದ ಸೈಕಲ್ಲಿನವ:
ಲೂನಾ ಗಟ್ಟಿ ಗಾಡಿಯೇ, ಒಪ್ತೇನೆ. ಆದ್ರೆ ರಿಜಿಸ್ಟ್ರೇಷನ್ ಆದ ದ್ವಿಚಕ್ರದಲ್ಲಿ ಓಡಿಸುವವರ ಹಿಂದೆ ಒಬ್ಬರೇ ಅಂತ ಮೋಟಾರು ವಾಹನ ಕಾಯ್ದೆಯ 128ನೇ ಸೆಕ್ಷನ್ ಹೇಳ್ತದೆ, ಅಕ್ಕನಿಗೆ ಇಬ್ಬರು ಮಕ್ಕಳು. ನಾಲ್ಕು ವರ್ಷ ದಾಟಿದ ಮಗುವಿಗೆ ಹೆಲ್ಮೆಟ್ ಬೇಕೇ ಬೇಕು, ಅದಕ್ಕಿಂತ ಸಣ್ಣದಾದ್ರೆ ಹೆಲ್ಮೆಟ್ ಜೊತೆ ಬೆಲ್ಟೂ ಬೇಕು. ಕೇರಳದಲ್ಲಿ 2023ರಿಂದ ರೂಲ್ಸ್ ತಪ್ಪಿದವರನ್ನು ಹಿಡಿಯುವ ಎಐ ಕ್ಯಾಮರಾನೂ ಉಂಟಲ್ಲ. 250 ವ್ಯಾಟ್, 25 ಕಿಲೋಮೀಟರ್ ವೇಗದ ಒಳಗಿನ ಇ-ಸೈಕಲ್ಲಿಗೆ ಲೈಸೆನ್ಸೂ ಬೇಡ ರಿಜಿಸ್ಟ್ರೇಷನ್ನೂ ಬೇಡ. ಅಂಗಡಿಯವರು ಸ್ಪೀಡ್ ಲಾಕ್ ತೆಗೆದುಕೊಡ್ತೇವೆ ಅಂದ್ರೆ ದಯವಿಟ್ಟು ಒಪ್ಪಬೇಡಿ, ಆ ರಿಯಾಯಿತಿ ಹೋಗ್ತದೆ, ಏನಾದ್ರೂ ಆದ್ರೆ ಇನ್ಶೂರೆನ್ಸ್ ಇಲ್ಲದ ಮೋಟರ್ ಗಾಡಿ ಓಡಿಸಿದ ಹಾಗೆ ಆಗ್ತದೆ. ಸೈಕಲ್ ಆದ್ರೂ ಮಕ್ಕಳಿಗೆ ಹೆಲ್ಮೆಟ್ ಹಾಕಿ.

ತೋಟದಮನೆ, ನೀರ್ಚಾಲು:
ಥ್ಯಾಂಕ್ಸ್ ಇಬ್ಬರಿಗೂ. ಆಪ್ ಹಾಕಿ ನೋಡಿದೆ, ಮನೆ ಹತ್ರದ ತುಂಡು ಏಳು ಡಿಗ್ರಿ ಉಂಟು, ಸ್ವಲ್ಪವೇ ದೂರ, ಆಮೇಲೆ ಮೇನ್ ರೋಡಲ್ಲಿ ಅಷ್ಟು ಏರಿಲ್ಲ. ಬ್ಯಾಟರಿ ಎಷ್ಟು ದೊಡ್ಡದು ಬೇಕು? ಕರೆಂಟ್ ಬಿಲ್ಲು? ಮಳೆಗಾಲ?

ಬದಿಯಡ್ಕ ಇಲೆಕ್ಟ್ರಿಕಲ್ಸ್ ಕೆಲಸದವ:
ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ, ಬ್ಯಾಟರಿ ಎಷ್ಟು ದೊಡ್ಡದು ಅಂತ ಸಿಗ್ತದೆ. 36 ವೋಲ್ಟ್ 7.5 ಅಂದ್ರೆ 270 ವ್ಯಾಟ್-ಅವರ್, ನಿಮಗೆ ಸಾಲದು. 48 ವೋಲ್ಟ್ 15 ಆದ್ರೆ 720. ಭಾರ, ಚಡಾವು ಎಲ್ಲ ಸೇರಿ ಕಿಲೋಮೀಟರಿಗೆ 15ರಿಂದ 20 ವ್ಯಾಟ್-ಅವರ್ ಹೋಗ್ತದೆ ಅಂತ ಹಿಡಿದ್ರೂ ಮೂವತ್ತೈದು ನಲವತ್ತು ಕಿಲೋಮೀಟರ್ ಬರ್ತದೆ. ಫುಲ್ ಚಾರ್ಜಿಗೆ ಒಂದು ಯೂನಿಟ್ ಸಹ ಇಲ್ಲ. ಆದ್ರೆ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲು ಎರಡು ತಿಂಗಳಿಗೆ 500 ಯೂನಿಟ್ ಅಂಚಲ್ಲಿದ್ರೆ ಮಾತ್ರ ನೋಡ್ಕೊಳ್ಳಿ, ಅದು ದಾಟಿದ್ರೆ ಪೂರ್ತಿ ಯೂನಿಟ್‌ಗೂ ಮೇಲಿನ ರೇಟು ಬೀಳ್ತದೆ. ಲೆಡ್ ಆಸಿಡ್ ಬ್ಯಾಟರಿಯದ್ದು ಬೇಡ, ತೂಕ ಜಾಸ್ತಿ, ಆಯುಸ್ಸು ಕಮ್ಮಿ. ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಿಕ್ಕಿದ್ರೆ ಒಳ್ಳೆದು. ಬಿಚ್ಚಿ ಒಳಗೆ ತಗೊಂಡು ಹೋಗುವ ಹಾಗೆ ಇರ್ಬೇಕು, ನಮ್ಮ ಜೂನ್ ಜುಲಾಯಿ ಮಳೆಗೆ ಕೊಟ್ಟಿಗೆ ಬದಿಯಲ್ಲಿ ಚಾರ್ಜಿಗೆ ಹಾಕುವುದು ಬೇಡ, ಒದ್ದೆ ಇದ್ರೆ ಒರೆಸಿ ಒಣಗಿದ ಮೇಲೆಯೇ ಹಾಕಿ.

ಪೆರ್ಲದ ಸೈಕಲ್ಲಿನವ:
ಏಳು ಡಿಗ್ರಿ ಸ್ವಲ್ಪ ದೂರವೇ ಆದ್ರೆ ನನ್ನ ಓಟು ಸೈಕಲ್ಲಿಗೇ. ತಳ್ಳುವಾಗ ಮೋಟರ್ ಮೆಲ್ಲ ಸಹಾಯ ಮಾಡುವ ವಾಕ್ ಮೋಡ್ ಇರುವುದನ್ನು ಕೇಳಿ ತಗೊಳ್ಳಿ, ಆ ತುಂಡಿನಲ್ಲಿ ಮಕ್ಕಳನ್ನು ಇಳಿಸಿ ನಡೆಸಿ, ಮೇಲೆ ಹೋಗಿ ಹತ್ತಿಸಿ. ಇಳಿಯುವಾಗಲೂ ಹಾಗೇ ಮಾಡಿ, ಕಾಂಕ್ರೀಟ್ ಮೇಲೆ ಪಾಚಿ ಇರುವ ತಿಂಗಳುಗಳಲ್ಲಂತೂ ಖಂಡಿತ. ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬೇಕು, ಹೈಡ್ರಾಲಿಕ್ ಆದ್ರೆ ಇನ್ನೂ ಒಳ್ಳೆದು. ಮಕ್ಕಳು ಹತ್ತುವಾಗ ಮಗುಚದ ಹಾಗೆ ಅಗಲದ ಡಬಲ್ ಸ್ಟ್ಯಾಂಡೂ ಬೇಕು. ಅಂಗಡಿಯಲ್ಲಿ ಖಾಲಿ ಗಾಡಿ ಓಡಿಸಿ ದುಡ್ಡು ಕೊಡ್ಬೇಡಿ ಅಕ್ಕ. ಹಿಂದೆ ಒಂದು 50 ಕಿಲೋ ಹಿಂಡಿ ಗೋಣಿ ಕಟ್ಟಿ, ಹತ್ರದ ಯಾವುದಾದ್ರೂ ಚಡಾವಿನ ಮಧ್ಯದಲ್ಲಿ ನಿಲ್ಲಿಸಿ ಪುನಃ ಹೊರಡ್ಲಿಕ್ಕೆ ಆಗ್ತದಾ, ಇಳಿಯುವಾಗ ಎರಡು ಬೆರಳಲ್ಲಿ ಬ್ರೇಕ್ ಹಿಡಿದ್ರೆ ನಿಲ್ತದಾ ನೋಡಿ. ಅದಕ್ಕೆ ಬಿಡದ ಅಂಗಡಿಯಾದ್ರೆ ಬೇರೆ ಅಂಗಡಿ ನೋಡಿ.