ಪದಚರ್ಚೆ: ‘ಬೌಲ್ ಎಲಿಜಿಬಲ್’ ತಂಡವನ್ನು ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ, ನಮಸ್ಕಾರ.

ನಾನು ಇರುವುದು ಅಮೆರಿಕದ ನೆಬ್ರಾಸ್ಕಾದ ಲಿಂಕನ್ ಊರಿನಲ್ಲಿ. ಇಲ್ಲಿನ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡದ ಹೆಸರು ಕಾರ್ನ್‌ಹಸ್ಕರ್ಸ್, ಅಂದರೆ ಗೋವಿನಜೋಳದ ತೆನೆ ಸುಲಿಯುವವರು. ಹಾವೇರಿ ಕಡೆಯವನಾದ ನನಗೆ ಆ ಹೆಸರು ಕೇಳಿದ ದಿನವೇ ತಂಡ ಇಷ್ಟವಾಯಿತು. ನಮ್ಮ ಹೊಲದಲ್ಲೂ ಅದೇ ಬೆಳೆ, ಅದೇ ಕೆಲಸ. ಇದು ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕದ ಆಟ, ನಮ್ಮ ಕಾಲ್ಚೆಂಡಲ್ಲ. ಇಲ್ಲಿನ ಕನ್ನಡ ಮಕ್ಕಳಿಗಾಗಿ ಈ ತಂಡದ ಬಗ್ಗೆ ಒಂದು ಬರಹ ಬರೆಯಲು ಕೂತಿದ್ದೇನೆ. ಎರಡು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ಮೊದಲನೆಯದು ‘ಬೌಲ್’. ಸೀಸನ್ ಮುಗಿದ ಮೇಲೆ, ಡಿಸೆಂಬರ್ ಮತ್ತು ಜನವರಿಯಲ್ಲಿ, ಚೆನ್ನಾಗಿ ಆಡಿದ ಕಾಲೇಜು ತಂಡಗಳನ್ನು ಕರೆದು ಆಡಿಸುವ ಪಂದ್ಯಗಳಿಗೆ ಬೌಲ್ ಅನ್ನುತ್ತಾರೆ. ಈಗ ವರ್ಷಕ್ಕೆ ಸುಮಾರು 40 ಇವೆ. ಫೋನಿನಲ್ಲಿ ಅವ್ವನಿಗೆ ಹೇಳಿದಾಗ ಅವಳು ಕೇಳಿದ್ದು, “ಬೌಲ್ ಅಂದ್ರ ಬಟ್ಟಲಾ? ಗೆದ್ದವ್ರಿಗೆ ಬಟ್ಟಲ ಕೊಡತಾರೇನು ತಮ್ಮಾ?” ಪ್ರಶ್ನೆ ಸರಿಯಾಗಿಯೇ ಇತ್ತು. ಬಟ್ಟಲಂತೂ ಹೌದು, ಆದರೆ ಬಹುಮಾನದ ಬಟ್ಟಲಲ್ಲ. 1914ರಲ್ಲಿ ಯೇಲ್ ವಿಶ್ವವಿದ್ಯಾಲಯ ನೆಲ ಅಗೆದು, ಅದೇ ಮಣ್ಣನ್ನು ಸುತ್ತ ಏರಿಸಿ ಒಂದು ಮೈದಾನ ಕಟ್ಟಿತು. ನೋಡಲು ದೊಡ್ಡ ಬೋಗುಣಿಯ ಹಾಗೆ ಇತ್ತು. ಹೆಸರೂ ಯೇಲ್ ಬೌಲ್ ಎಂದೇ ಆಯಿತು. ಅದನ್ನು ನೋಡಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ 1922ರಲ್ಲಿ ರೋಸ್ ಬೌಲ್ ಮೈದಾನ ಕಟ್ಟಿದರು. ಆ ಊರಿನ ಗುಲಾಬಿ ಹಬ್ಬದ ಪಂದ್ಯ 1902ರಲ್ಲೇ ಶುರುವಾಗಿತ್ತು. ಮೊದಲ ಸಲ ಮಿಷಿಗನ್ ತಂಡ ಸ್ಟ್ಯಾನ್‌ಫರ್ಡನ್ನು 49-0ರಿಂದ ಸೋಲಿಸಿತ್ತು. ಆಗ ‘ಬೌಲ್’ ಎಂಬ ಮಾತೇ ಇರಲಿಲ್ಲ. 1923ರಲ್ಲಿ ಪಂದ್ಯ ಹೊಸ ಮೈದಾನಕ್ಕೆ ಬಂದ ಮೇಲೆ ಮೈದಾನದ ಹೆಸರು ಪಂದ್ಯಕ್ಕೂ ಅಂಟಿಕೊಂಡಿತು. ಆಮೇಲೆ ಆರೆಂಜ್, ಶುಗರ್, ಕಾಟನ್ ಹೀಗೆ ಎಲ್ಲ ಊರಿನವರೂ ತಮ್ಮ ಪಂದ್ಯಕ್ಕೆ ‘ಬೌಲ್’ ಸೇರಿಸಿಕೊಂಡರು. ಮೈದಾನ ಬಟ್ಟಲಿನ ಹಾಗೆ ಇರಲೇಬೇಕು ಅಂತೇನೂ ಉಳಿಯಲಿಲ್ಲ.

ಜಾಗದ ಹೆಸರು ಸ್ಪರ್ಧೆಯ ಹೆಸರಾಗುವುದು ನಮಗೇನು ಹೊಸದಲ್ಲ, ಅಲ್ವಾ? ‘ಕಣ’ ನೋಡಿ. ಮೊದಲು ರಾಶಿ ಮಾಡುವ ಜಾಗ. ಆಮೇಲೆ ಕುಸ್ತಿ ಕಣ, ಈಗ ಚುನಾವಣೆಯ ಕಣ. ಅದಕ್ಕೇ ರೋಸ್ ಬೌಲ್‌ಗೆ ‘ಗುಲಾಬಿ ಕಣ’ ಎಂದು ಬರೆದು ನೋಡಿದೆ. ಓದಲು ಚಂದವಿತ್ತು. ಶುಗರ್ ಬೌಲ್‌ಗೆ ಬಂದಾಗ ‘ಸಕ್ಕರೆ ಕಣ’ ಆಯಿತು! ಅದನ್ನು ಯಾರು ಓದಿದರೂ ಸಕ್ಕರೆಯ ಹರಳು ಎಂದೇ ತಿಳಿಯುತ್ತಾರೆ. ಹಾಗಾಗಿ ‘ಬೌಲ್’ ಹಾಗೇ ಇರಲಿ ಅನ್ನಿಸಿದೆ. ಆದರೆ ಬರೀ ‘ಬೌಲ್’ ಎಂದರೆ ನಮ್ಮವರಿಗೆ ಕ್ರಿಕೆಟ್ ನೆನಪಾಗುತ್ತದೆ. ಪ್ರತಿ ಸಲ ‘ಬೌಲ್ ಪಂದ್ಯ’ ಎಂದೇ ಬರೆಯುತ್ತಿದ್ದೇನೆ.

ನಿಜವಾದ ತೊಡಕು ಎರಡನೆಯದು, ‘ಎಲಿಜಿಬಲ್’.

ಒಂದು ತಂಡ ಸೀಸನ್‌ನಲ್ಲಿ 12 ಪಂದ್ಯ ಆಡುತ್ತದೆ. 6 ಗೆದ್ದರೆ ಅದು ಬೌಲ್ ಎಲಿಜಿಬಲ್, ಅಂದರೆ ಬೌಲ್ ಪಂದ್ಯಕ್ಕೆ ಕರೆಯಬಹುದಾದ ತಂಡ. ನವೆಂಬರ್ ಬಂದರೆ ಇಲ್ಲಿ ಅಂಗಡಿಯಲ್ಲಿ, ಕಚೇರಿಯಲ್ಲಿ, ಎಲ್ಲೆಲ್ಲೂ ಅದೇ ಲೆಕ್ಕ. ನಮ್ಮ ಪತ್ರಿಕೆಗಳ ರೂಢಿಯಂತೆ ‘ಅರ್ಹತೆ ಗಿಟ್ಟಿಸಿತು’ ಎಂದು ಬರೆದೆ. ಮತ್ತೆ ಓದಿದಾಗ ತಪ್ಪು ಅನ್ನಿಸಿತು. ವಿಶ್ವಕಪ್‌ಗೆ ಅರ್ಹತೆ ಪಡೆದ ತಂಡ ವಿಶ್ವಕಪ್ ಆಡಿಯೇ ಆಡುತ್ತದೆ. ಇಲ್ಲಿ 6 ಗೆದ್ದರೂ ಯಾರಾದರೂ ಕರೆಯಬೇಕು. 2012ರಲ್ಲಿ 9 ಪಂದ್ಯ ಗೆದ್ದ ಲೂಸಿಯಾನಾ ಟೆಕ್, ಬಂದ ಒಂದು ಕರೆಗೆ ಕೂಡಲೇ ಒಪ್ಪದೆ, ಕೊನೆಗೆ ಬೌಲ್ ಪಂದ್ಯವೇ ಇಲ್ಲದೆ ಉಳಿಯಿತು. 2015ರಲ್ಲಿ ನಮ್ಮ ನೆಬ್ರಾಸ್ಕಾ ಗೆದ್ದದ್ದು 5, ಸೋತದ್ದು 7. ಆ ವರ್ಷ 6 ಗೆದ್ದ ತಂಡಗಳು ಸಾಲದೆ, 5 ಗೆದ್ದವರಲ್ಲಿ ಯಾರ ಆಟಗಾರರು ಓದಿನಲ್ಲಿ ಮುಂದಿದ್ದಾರೆ ಎಂದು ನೋಡಿ ಕರೆದರು. ನೆಬ್ರಾಸ್ಕಾ ಹೋಗಿ ಯುಸಿಎಲ್‌ಎ ತಂಡವನ್ನು 37-29ರಿಂದ ಸೋಲಿಸಿತು! ಅಂದರೆ ಎಲಿಜಿಬಲ್ ಆಗುವುದು ಬೇರೆ, ಕರೆ ಬರುವುದು ಬೇರೆ. ‘ಅರ್ಹತೆ’ ಎಂಬ ಒಂದೇ ಪದ ಎರಡನ್ನೂ ನುಂಗಿಬಿಡುತ್ತದೆ.

ಈ ಆರನೆಯ ಗೆಲುವಿಗೆ ಇಲ್ಲಿನ ಜನ ಕಾದ ಬಗೆಯನ್ನು ಹೇಳಲೇಬೇಕು. 1969ರಿಂದ 2003ರವರೆಗೆ ಸತತ 35 ವರ್ಷ ಬೌಲ್ ಪಂದ್ಯ ಆಡಿದ ತಂಡವಿದು. 2016ರ ನಂತರ ಏಳು ವರ್ಷ ಒಂದೂ ಇರಲಿಲ್ಲ. 2023ರಲ್ಲಿ 8 ಪಂದ್ಯಗಳಲ್ಲಿ 5 ಗೆದ್ದಿತ್ತು. ಉಳಿದ 4ರಲ್ಲಿ ಒಂದೇ ಒಂದು ಬೇಕಿತ್ತು. ನಾಲ್ಕೂ ಸೋತರು, ಅದರಲ್ಲಿ ಮೂರು ಬರೀ 3 ಅಂಕದಿಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2024ರಲ್ಲಿ ಮೊದಲ 6ರಲ್ಲಿ 5 ಗೆದ್ದು, ಮತ್ತೆ ಸಾಲಾಗಿ ನಾಲ್ಕು ಸೋಲು. ಕೊನೆಗೆ ನವೆಂಬರ್ 23ರಂದು ಇದೇ ಲಿಂಕನ್‌ನಲ್ಲಿ ವಿಸ್ಕಾನ್ಸಿನ್ ಮೇಲೆ 44-25. ನಾನೂ ಅಲ್ಲಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲಿ, ಯಾರ ಮೇಲೆ ಆಡುತ್ತಾರೆ ಎಂಬುದು ಆ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ. ನ್ಯೂಯಾರ್ಕಿನ ಪಿನ್‌ಸ್ಟ್ರೈಪ್ ಬೌಲ್‌ನಿಂದ ಕರೆ ಬಂದದ್ದು ಆಮೇಲೆ. ಅಲ್ಲಿ ಬಾಸ್ಟನ್ ಕಾಲೇಜನ್ನು 20-15ರಿಂದ ಗೆದ್ದರು. ಆದರೆ ಆ ಹಿರಿಯರ ಕಣ್ಣೀರು ಕರೆಗಾಗಿ ಅಲ್ಲ, ಆರಕ್ಕೆ ಮುಟ್ಟಿದ್ದಕ್ಕೆ. ನನಗೆ ಬೇಕಾಗಿರುವುದು ಆ ಕ್ಷಣದ ಪದ.

ನನಗೆ ಹೊಳೆದದ್ದು ಎರಡು. ಒಂದು ‘ಸಲ್ಲು’. ಸಲ್ಲುವ ನಾಣ್ಯ ಅನ್ನುತ್ತೇವಲ್ಲ, ಹಾಗೆ ‘ಬೌಲ್ ಪಂದ್ಯಕ್ಕೆ ಸಲ್ಲುವ ತಂಡ’. ಅರ್ಥ ಸರಿಯಾಗಿದೆ. ಆದರೆ ‘ನೆಬ್ರಾಸ್ಕಾ ಇವತ್ತು ಸಂದಿತು’ ಎಂದರೆ ಈಗಿನ ಮಕ್ಕಳಿಗೆ ತಿಳಿಯುವುದಿಲ್ಲ.

ಇನ್ನೊಂದು ನಮ್ಮ ಮನೆಮಾತಿನದು. ‘ಬೆಳೆ ಕೊಯ್ಲಿಗೆ ಬಂದಿದೆ’ ಅನ್ನುತ್ತೇವೆ. ‘ಮಗಳು ಮದುವೆಗೆ ಬಂದಿದ್ದಾಳೆ’ ಅನ್ನುತ್ತೇವೆ. ಕೊಯ್ಲು ಇನ್ನೂ ಆಗಿಲ್ಲ, ವರ ಇನ್ನೂ ಗೊತ್ತಾಗಿಲ್ಲ. ಹದಕ್ಕೆ ಬಂತು, ಅಷ್ಟೆ. ‘ಎಲಿಜಿಬಲ್’ ಅಂದರೆ ಇದೇ ಅಲ್ವಾ! ಆದರೆ ‘ತಂಡ ಬೌಲ್ ಪಂದ್ಯಕ್ಕೆ ಬಂತು’ ಎಂದು ಬರೆದರೆ ಬಸ್ಸಿಳಿದು ಮೈದಾನಕ್ಕೇ ಬಂದ ಹಾಗಾಗುತ್ತದೆ. ‘ಬೌಲ್ ಕರೆಗೆ ಬಂದ ತಂಡ’ ಎಂದರೆ ಹೇಗೆ? ‘ಕರೆ’ ಸೇರಿದರೆ ಕರೆ ಇನ್ನೂ ಬರಬೇಕಿದೆ ಎಂಬುದು ಉಳಿಯುತ್ತದೆ ಅನ್ನಿಸುತ್ತದೆ. ಇಲ್ಲಾ, ‘ಕರೆದದ್ದಕ್ಕೆ ಬಂದ ತಂಡ’ ಎಂದು ಕೇಳುತ್ತದೆಯೋ?

‘ಕೊಯ್ಲಿಗೆ ಬಂದ’, ‘ಮದುವೆಗೆ ಬಂದ’ ತರಹದ ಮಾತು ಮೈಸೂರು ಕಡೆ, ಕರಾವಳಿ ಕಡೆ ಹೇಗಿದೆ? ‘ಬಂದ’ ಬಿಟ್ಟು ಬೇರೆ ಕ್ರಿಯಾಪದ ಬಳಸುತ್ತೀರಾ? ನಿಮ್ಮ ಊರಿನ ಮಾತನ್ನು ಹಾಗೇ ಬರೆದು ಕಳಿಸಿ.