ಓಣಿಯವರೆಲ್ಲ ಕೂಡಿ ಕಾಯಿಪಲ್ಯೆ ಬೆಳೆದವರಿದ್ದೀರಾ? ಅನುಭವ ಹೇಳಿ

ಪ್ರಶ್ನೆ: ರಾಯಚೂರಿನ ಹೊಸ ಬಡಾವಣೆಯಿಂದ, ಶಾಲಾ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ವರ್ಗಾವಣೆಯಾಗಿ ರಾಯಚೂರಿಗೆ ಬಂದು ಊರಾಚೆಯ ಬಡಾವಣೆಯಲ್ಲಿ ಮನೆ ಮಾಡಿದ್ದೇವೆ. ಸುತ್ತ ಮನೆಗಳೇನೋ ಇವೆ, ಆದರೆ ಗೇಟು ಸದಾ ಹಾಕಿಯೇ ಇರುತ್ತದೆ. ಒಬ್ಬರು ದೇವದುರ್ಗದವರು, ಒಬ್ಬರು ಮಾನ್ವಿಯವರು, ಇನ್ನೊಂದು ಮನೆಯವರು ಶಕ್ತಿನಗರದಲ್ಲಿ ಕೆಲಸ ಮಾಡುತ್ತಾರೆ. ಹೆಸರು ಕೇಳಿದ್ದು ಬಿಟ್ಟರೆ ಮಾತಿಲ್ಲ. ಪಕ್ಕದಲ್ಲಿ ಒಂದು ಖಾಲಿ ಸೈಟಿದೆ, ಪೂರ್ತಿ ಬಳ್ಳಾರಿ ಜಾಲಿ. ಅದನ್ನು ಸ್ವಚ್ಛ ಮಾಡಿ ಎಲ್ಲರೂ ಸೇರಿ ತರಕಾರಿ ಬೆಳೆಯಬೇಕು, ನಮ್ಮ ಸುತ್ತಲಿನ ಮಣ್ಣಿನಲ್ಲಿ ಬೆಳೆದದ್ದನ್ನೇ ಹೆಚ್ಚಾಗಿ ಉಣ್ಣಬೇಕು ಎಂಬ ಆಸೆ. ಬೋರಿನ ನೀರು ಸವಳು. ಮಾರ್ಚ್ ಬಂತು, ಬಿಸಿಲು ಈಗಲೇ ಉರಿಯುತ್ತಿದೆ. ಎಲ್ಲಿಂದ ಶುರು ಮಾಡಲಿ? ಮಾಡಿದವರು ದಯವಿಟ್ಟು ಹೇಳಿ.

ಸಿಂಧನೂರು, ರೈತ

ಅಕ್ಕಾರೆ, ಮೊದಲ ಮಾತು: ಈಗ ಬೀಜ ಹಾಕಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಆಗ ಮೊಳಕೆ ಉಳಿಸಿಕೊಳ್ಳಲು ದಿನಕ್ಕೆ ಎರಡು ಸಲ ನೀರು ಬೇಕು. ಬೆಳೆ ಒಣಗಿದರೆ ನಾಲ್ಕು ಜನರ ಉತ್ಸಾಹವೂ ಅದರ ಜೊತೆ ಹೋಗುತ್ತದೆ, ಮತ್ತೆ ಕರೆದರೆ ಯಾರೂ ಬರುವುದಿಲ್ಲ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅಂತ ಹಿರಿಯರು ಹೇಳುತ್ತಾರೆ. ಮೇ ಕೊನೆಯ ವಾರದಿಂದ ಆಕಾಶ ನೋಡಿ. ಮಿರಗದ ಮಳೆ ಬಿದ್ದು ನೆಲ ತಂಪಾದ ಮೇಲೆ ಬಿತ್ತಿದರೆ ನಿಮ್ಮ ಅರ್ಧ ಕೆಲಸ ಮಳೆಯೇ ಮಾಡುತ್ತದೆ. ನಮ್ಮ ಕಡೆ ವರ್ಷಕ್ಕೆ ಬೀಳುವುದೇ ಸುಮಾರು 600 ಮಿಲಿಮೀಟರ್. ಅದನ್ನು ಬಿಟ್ಟುಕೊಡಬಾರದು.

ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ನೆಲ ಹದ ಮಾಡಿ. ತಿಪ್ಪೆ ಗೊಬ್ಬರ ತಂದು ಹರಡಿ, ಬಿಸಿಲು ಕಾಯಲಿ. ಬೇವಿನ ಹಣ್ಣು ಬೀಳಲು ಶುರುವಾದಾಗ ಮಕ್ಕಳಿಗೆ ಹೇಳಿ ಬೀಜ ಆರಿಸಿಟ್ಟುಕೊಳ್ಳಿ. ಒಣಗಿದ ಬೀಜದ ತಿರುಳು 50 ಗ್ರಾಂ ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, ಚೂರು ಸೋಪು ಕದಡಿ ಸಂಜೆ ಹೊತ್ತು ಸಿಂಪಡಿಸಿದರೆ ಹೇನು, ಸಣ್ಣ ಹುಳ ಹತೋಟಿಗೆ ಬರುತ್ತವೆ. ಮನೆಮಂದಿ ಉಣ್ಣುವ ಸೊಪ್ಪಿಗೆ ಅಂಗಡಿಯ ಔಷಧ ಬೇಡವೇ ಬೇಡ.

ಕೊಪ್ಪಳ, ಭಾಗ್ಯನಗರ, ಗೃಹಿಣಿ

ಟೀಚರ್, ನಾನು ಗಿಡದ ಮಾತು ಆಮೇಲೆ ಹೇಳುತ್ತೇನೆ. ನೀವು ಮೊದಲು ಊಟಕ್ಕೆ ಕರೆಯಿರಿ.

ನಮ್ಮ ಓಣಿಯಲ್ಲೂ ಮೊದಲು ಹೀಗೇ ಇತ್ತು. ಯಾರಾದರೂ "ಬನ್ನಿ, ಕೂಡಿ ತೋಟ ಮಾಡೋಣ" ಎಂದರೆ "ನಮಗೆಲ್ಲಿ ಟೈಮ್" ಎನ್ನುವ ಉತ್ತರ. ನಮ್ಮತ್ತೆ ಬೇರೆ ದಾರಿ ಹಿಡಿದರು. ಒಂದು ಭಾನುವಾರ ಅಂಗಳದಲ್ಲಿ ಒಲೆ ಹೂಡಿ ರೊಟ್ಟಿ ಬಡಿಯಲು ಕೂತರು. "ರೊಟ್ಟಿ ನಮ್ಮದು, ಜೊತೆಗೆ ನಿಮ್ಮ ಮನೆಯದೊಂದು ಬಟ್ಟಲು ತನ್ನಿ" ಎಂದು ಮನೆಮನೆಗೆ ಹೇಳಿ ಕಳಿಸಿದರು. ಒಬ್ಬರು ಗುರೆಳ್ಳು ಚಟ್ನಿ ತಂದರು, ಒಬ್ಬರು ಅಗಸಿ ಚಟ್ನಿ, ಒಬ್ಬರು ಮಡಿಕೆ ಕಾಳಿನ ಪಲ್ಯೆ. ಎಣ್ಣೆಗಾಯಿಯ ಮಸಾಲೆಗೆ ಶೇಂಗಾ ಜಾಸ್ತಿ ಬೇಕೋ ಎಳ್ಳು ಜಾಸ್ತಿ ಬೇಕೋ ಅಂತ ಶುರುವಾದ ಮಾತು ಸಂಜೆವರೆಗೂ ನಡೆಯಿತು. ಹತ್ತು ಸಲ ಸಭೆ ಕರೆದರೂ ಆಗದ ಪರಿಚಯ ಅವತ್ತು ಆಯಿತು.

ನಮ್ಮೂರಲ್ಲಿ ಇದು ಹೊಸತೇನಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಮನೆಮನೆಯಲ್ಲಿ ರೊಟ್ಟಿ ಬಡಿದು, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ದಾಸೋಹಕ್ಕೆ ತರುತ್ತಾರೆ. ದವಸ, ಕಾಯಿಪಲ್ಯೆ ಕೂಡ ಹಾಗೇ ಬರುತ್ತದೆ. ಇಂಥ ರೊಟ್ಟಿಯೇ ಲಕ್ಷಗಟ್ಟಲೆ ಸೇರುತ್ತದೆ. ಯಾರ ರೊಟ್ಟಿ ಯಾರು ಉಂಡರು ಎಂದು ಲೆಕ್ಕ ಇಡುವವರಿಲ್ಲ. ಕೊಟ್ಟು ಉಣ್ಣುವ ರೂಢಿ ನಮ್ಮ ಜನರಲ್ಲಿ ಇದೆ. ಬಡಾವಣೆಗೆ ಬಂದ ಮೇಲೆ ಕರೆಯುವವರು ಇಲ್ಲ, ಅಷ್ಟೇ.

ಆ ಊಟದಲ್ಲೇ ಒಬ್ಬರು "ಪುಂಡಿ ಪಲ್ಯೆ ಇದ್ದಿದ್ರೆ ಚೆಂದ ಇತ್ತು" ಅಂದರು. ನಮ್ಮ ತೋಟ ಶುರುವಾದದ್ದು ಆ ಮಾತಿನಿಂದಲೇ. ಅದಕ್ಕೇ ಹೇಳುತ್ತೇನೆ: ಏನು ಬೆಳೆಯಬೇಕು ಎಂಬುದನ್ನು ಗಂಗಾಳ ನೋಡಿ ಗೊತ್ತು ಮಾಡಿ. ನಮ್ಮ ರೊಟ್ಟಿಗೆ ಬೇಕಾದ್ದು ಪುಂಡಿ, ಮೆಂತ್ಯ, ರಾಜಗಿರಿ, ಚವಳಿಕಾಯಿ, ಹೀರೇಕಾಯಿ, ಮುಳಗಾಯಿ, ಹಸಿಮೆಣಸಿನಕಾಯಿ. ಇವು ಈ ನೆಲಕ್ಕೆ ಒಗ್ಗಿದವು. ದೊಣ್ಣೆಮೆಣಸಿನಕಾಯಿ, ಹೂಕೋಸಿನಿಂದ ಶುರು ಮಾಡಿದರೆ ಆರೈಕೆಯಲ್ಲೇ ಸೋತು ಹೋಗುತ್ತೀರಿ. ಹಕ್ಕರಕಿ ಪಲ್ಯೆ ಅಂತೂ ಹೊಲದಲ್ಲಿ ತಾನೇ ಬೆಳೆಯುತ್ತದೆ. ಹಸಿಯಾಗಿಯೇ ರೊಟ್ಟಿ, ಚಟ್ನಿ ಜೊತೆ ತಿನ್ನುತ್ತೇವೆ. ಅದನ್ನು ಗುರುತಿಸಬಲ್ಲ ಅಜ್ಜಿ ನಿಮ್ಮ ಓಣಿಯಲ್ಲಿ ಒಬ್ಬರಾದರೂ ಇರುತ್ತಾರೆ, ಹುಡುಕಿ. ಅಂಥವರನ್ನು ಮೊದಲ ದಿನವೇ ಜೊತೆಗೆ ಕರೆದುಕೊಳ್ಳಿ.

ಬಳ್ಳಾರಿ, ಕೌಲ್ ಬಜಾರ್, ಮಾಳಿಗೆ ಮೇಲೆ ಬೆಳೆಯುವವರು

ಸವಳು ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಜಿಲ್ಲೆಗಳಲ್ಲಿ ಮಣ್ಣಿಗಿಂತ ಅದೇ ದೊಡ್ಡ ಪ್ರಶ್ನೆ. ಸಿಂಧನೂರಿನ ಅಣ್ಣನವರಿಗೆ ಕಾಲುವೆ ನೀರಿರಬಹುದು, ಬಡಾವಣೆಯವರಿಗೆ ಬೋರೇ ಗತಿ.

ಮೊದಲು ನೀರು ಪರೀಕ್ಷೆ ಮಾಡಿಸಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಕೊಪ್ಪಳ ಜಿಲ್ಲೆಯವರಿಗೆ ಗಂಗಾವತಿಯಲ್ಲಿ, ನಮಗೆ ಹಗರಿಯಲ್ಲಿ ಇಂಥದ್ದೇ ಕೇಂದ್ರವಿದೆ. ಕೊಡುವ ಚೀಟಿಯಲ್ಲಿ ಇ.ಸಿ. ಎಂದು ಒಂದು ಅಂಕಿ ಇರುತ್ತದೆ, ಅದು ಉಪ್ಪಿನ ಅಳತೆ. ಅಂಕಿ dS/m ಲೆಕ್ಕದಲ್ಲಿ 0.7ರ ಒಳಗಿದ್ದರೆ ಏನು ಬೇಕಾದರೂ ಬೆಳೆಯಬಹುದು. 3 ದಾಟಿದರೆ ಆ ನೀರಿನ ಮೇಲೆ ನೆಚ್ಚಿಕೊಂಡು ತರಕಾರಿ ಬೇಡ. ನಡುವೆ ಇದ್ದರೆ ಆರಿಸಿ ಬೆಳೆಯಬೇಕು: ಚವಳಿಕಾಯಿ, ಬೀಟ್‌ರೂಟ್ ಚೆನ್ನಾಗಿ ತಡೆಯುತ್ತವೆ. ಅಲಸಂದಿಯೂ ಸುಮಾರಾಗಿ ತಡೆಯುತ್ತದೆ. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ತಡೆಯುವುದಿಲ್ಲ. ಎಲೆಯ ಅಂಚು ಸುಟ್ಟಂತೆ ಕಂದಾದರೆ ಅದು ಬಿಸಿಲಿಗಿಂತ ಉಪ್ಪಿನ ಕೆಲಸ ಇರಬಹುದು.

ಇನ್ನೊಂದು. ಮನೆಯ ಫಿಲ್ಟರ್ ಮೆಷಿನ್ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕಬೇಡಿ. "ಯಾಕೆ ಚೆಲ್ಲೋದು" ಅಂತ ಎಲ್ಲರೂ ಹಾಕುತ್ತಾರೆ. ಆದರೆ ಬೋರಿನ ಉಪ್ಪೆಲ್ಲ ಅದರಲ್ಲಿ ಇನ್ನೂ ಗಟ್ಟಿಯಾಗಿ ಸೇರಿರುತ್ತದೆ. ಅದು ನೆಲ ಒರೆಸಲು, ಅಂಗಳಕ್ಕೆ ಹೊಡೆಯಲು ಸರಿ. ಅಕ್ಕಿ, ಬೇಳೆ ತೊಳೆದ ನೀರು ಹಾಕಿ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಪೈಪಿನಿಂದ ಡ್ರಮ್ಮಿಗೆ ಇಳಿಸಿ. ಆ ನೀರು ಗಿಡಕ್ಕೂ ಒಳ್ಳೆಯದು, ಮಣ್ಣಿನಲ್ಲಿ ಸೇರಿದ ಉಪ್ಪನ್ನೂ ಕೆಳಗೆ ಇಳಿಸುತ್ತದೆ.

ಬೇಸಿಗೆಯಲ್ಲಿ ಏನಾದರೂ ಬೆಳೆಯಲೇಬೇಕೆಂದರೆ ಅರ್ಧ ನೆರಳು ಕೊಡುವ ಹಸಿರು ಪರದೆ ಕಟ್ಟಿ, ನಾಲ್ಕು ಕುಂಡಗಳಲ್ಲಿ ರಾಜಗಿರಿ ಹಾಕಿ. ಅದಕ್ಕಿಂತ ಹೆಚ್ಚಿನದಕ್ಕೆ ಕೈ ಹಾಕಬೇಡಿ. ನೀರು ಸಂಜೆ ಕೊಡಿ.

ಗಂಗಾವತಿ, ರೈಸ್ ಮಿಲ್‌ನಲ್ಲಿ ಕೆಲಸ

ಬುಡದ ಮೇಲೆ ಮುಚ್ಚಿಗೆ ಹಾಕಲು ಭತ್ತದ ಹೊಟ್ಟು ಬಳಸಿ, ತೇವ ಆರುವುದಿಲ್ಲ. ಮಿಲ್ಲುಗಳಲ್ಲಿ ಕೇಳಿದರೆ ಸಿಗುತ್ತದೆ. ಶೇಂಗಾ ಸಿಪ್ಪೆಯೂ ಆದೀತು. ಎರೆ ಮಣ್ಣು ಒಂದನ್ನೇ ಕುಂಡಕ್ಕೆ ತುಂಬಬೇಡಿ, ಒಣಗಿದರೆ ಸೀಳು ಬಿಡುತ್ತದೆ, ನೀರು ಹಾಕಿದರೆ ಮೆತ್ತಿಕೊಳ್ಳುತ್ತದೆ. ಎರೆ, ಮಸಾರಿ (ಕೆಂಪು ಮಣ್ಣು), ಗೊಬ್ಬರ ಸಮ ಸಮ. ಬಳ್ಳಿ ಹಬ್ಬಿಸಲು ಹತ್ತಿ ಕಟ್ಟಿಗೆ ಸಾಕು, ಖರ್ಚಿಲ್ಲ.

ರಾಯಚೂರು, ನಿವೃತ್ತ ನೌಕರ

ಟೀಚರಮ್ಮ, ಸೈಟು ಯಾರದು ಎಂದು ಮೊದಲು ತಿಳಿದುಕೊಳ್ಳಿ. ಖಾಸಗಿಯದಾದರೆ ಮಾಲೀಕರನ್ನು ಹುಡುಕಿ, "ಎರಡು ವರ್ಷ ತರಕಾರಿ ಬೆಳೆಯುತ್ತೇವೆ, ಕೇಳಿದಾಗ ಬಿಟ್ಟುಕೊಡುತ್ತೇವೆ, ಗಿಡಮರ ಹಾಕುವುದಿಲ್ಲ" ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ. ಹಾವು, ಚೇಳು, ಕಸ ಇಲ್ಲದೆ ಜಾಗ ಸ್ವಚ್ಛ ಇರುತ್ತದಲ್ಲ, ಬಹಳ ಜನ ಒಪ್ಪುತ್ತಾರೆ. ಪಾರ್ಕಿಗೆ ಬಿಟ್ಟ ಜಾಗವಾದರೆ ಪಾಲಿಕೆಗೆ ಅರ್ಜಿ ಕೊಡಿ.

ಬಳ್ಳಾರಿ ಜಾಲಿಯನ್ನು ಮೇಲೆ ಮೇಲೆ ಕಡಿದರೆ ಉಪಯೋಗವಿಲ್ಲ, ಮಳೆ ಬಿದ್ದ ಕೂಡಲೇ ಮತ್ತೆ ಚಿಗುರುತ್ತದೆ. ಬುಡದ ಸುತ್ತ ಒಂದು ಅಡಿ ಅಗೆದು, ಚಿಗುರುವ ಗಂಟಿನ ಕೆಳಗೆ ಬೇರು ಕತ್ತರಿಸಿ ತೆಗೆಯಬೇಕು. ಕೈಗೆ ದಪ್ಪ ಗವಸು, ಕಾಲಿಗೆ ಬೂಟು ಇಲ್ಲದೆ ಯಾರನ್ನೂ ಒಳಗೆ ಬಿಡಬೇಡಿ, ಮುಳ್ಳು ಚಪ್ಪಲಿ ದಾಟಿ ನೆಡುತ್ತದೆ. ಕಟ್ಟಿಗೆ ಒಳ್ಳೆ ಉರುವಲು. ಕೊಪ್ಪಳದ ತಾಯಿ ಹೇಳಿದ ರೊಟ್ಟಿಯ ಒಲೆಗೆ ಅದನ್ನೇ ಹಾಕಿ.

ಮತ್ತೆ ಪ್ರಶ್ನೆ ಕೇಳಿದವರಿಂದ

ಇಷ್ಟೆಲ್ಲ ಹೇಳಿದಿರಿ, ಕೈ ಮುಗಿಯುತ್ತೇನೆ. ನಿನ್ನೆ ದೇವದುರ್ಗದ ಮನೆಯವರಿಗೆ ಹೇಳಿದೆ, ಅವರತ್ತೆಗೆ ಹಕ್ಕರಕಿ ಗುರುತಿದೆಯಂತೆ! ಒಂದು ಸಂಶಯ ಉಳಿದಿದೆ. ಬೆಳೆದದ್ದನ್ನು ಹಂಚುವುದು ಹೇಗೆ? ಒಬ್ಬರು ದಿನಾ ನೀರು ಹಾಕಿ, ಇನ್ನೊಬ್ಬರು ಬಂದು ಕಿತ್ತುಕೊಂಡು ಹೋದರೆ ಮನಸ್ಸು ಕೆಡುವುದಿಲ್ಲವಾ?

ಲಿಂಗಸುಗೂರು, ಅಂಗನವಾಡಿ ಕಾರ್ಯಕರ್ತೆ

ಕೆಡುತ್ತದೆ. ಆದರೆ ತೂಕ ಹಾಕಿ ಹಂಚಲು ಹೋದರೆ ಇನ್ನೂ ಬೇಗ ಕೆಡುತ್ತದೆ. ನಾವು ಮಾಡಿದ್ದು ಇಷ್ಟು: ವಾರದಲ್ಲಿ ಒಂದೇ ದಿನ ಕೊಯ್ಲು, ಎಲ್ಲರ ಎದುರಿಗೆ. ಬಂದವರು ಆ ದಿನದ ಅಡುಗೆಗೆ ಬೇಕಾದಷ್ಟು ಒಯ್ಯಬೇಕು. ನೀರಿನ ಪಾಳಿ ಯಾರದಿತ್ತೋ ಅವರು ಮೊದಲು ಆರಿಸಿಕೊಳ್ಳುತ್ತಾರೆ. ಬಾಣಂತಿ ಇರುವ ಮನೆಗೆ, ಒಂಟಿ ವಯಸ್ಸಾದವರ ಮನೆಗೆ ಕೇಳದೆಯೇ ಮುಟ್ಟಿಸುತ್ತೇವೆ. ನೀರು ಹಾಕಲು ಆಗದವರು ಬೀಜ ಕೊಡಲಿ, ಗೊಬ್ಬರ ತರಿಸಲಿ, ಇಲ್ಲ ಊಟದ ದಿನ ರೊಟ್ಟಿ ಬಡಿಯಲಿ. ಅದೂ ಕೆಲಸವೇ. ಅಧ್ಯಕ್ಷ, ಕಾರ್ಯದರ್ಶಿ ಅಂತ ಮಾಡಲು ಹೋಗಬೇಡಿ.

ಬಳ್ಳಾರಿ, ಕೌಲ್ ಬಜಾರ್

ಅಧ್ಯಕ್ಷ ಬೇಡ, ಒಪ್ಪಿದೆ. ಆದರೆ ಒಂದು ನೋಟ್‌ಬುಕ್ ಇರಲಿ ಅಕ್ಕ. ನೀರಿನ ಟ್ಯಾಂಕರಿಗೆ, ಪರದೆಗೆ ಯಾರು ಎಷ್ಟು ಕೊಟ್ಟರು ಎಂಬುದು ಬರೆದಿರಬೇಕು. ಸೊಪ್ಪಿಗೆ ಲೆಕ್ಕ ಬೇಡ, ದುಡ್ಡಿಗೆ ಬೇಕು.

ಮಾನ್ವಿ, ಹಿಂಗಾರಿ ಜೋಳ ಬೆಳೆಯುವವರು

ಎಲ್ಲರೂ ಸೊಪ್ಪು, ಕಾಯಿ ಅಂತಲೇ ಹೇಳುತ್ತಿದ್ದೀರಿ. ನಮ್ಮ ಕಡೆ ಹೊಟ್ಟೆ ತುಂಬಿಸುವುದು ಜೋಳ. ಹತ್ತಿರದ್ದನ್ನೇ ಉಣ್ಣಬೇಕೆಂಬ ಆಸೆ ಇದ್ದರೆ ಅಲ್ಲಿಂದ ಶುರು ಮಾಡಿ, ಅದಕ್ಕೆ ಇದೇ ಸಮಯ. ಹಿಂಗಾರಿ ಬಿಳಿಜೋಳ ಈಗ ತಾನೇ ಕೊಯ್ಲಾಗಿದೆ. ನಿಮ್ಮ ಓಣಿಯ ನಾಲ್ಕೈದು ಮನೆ ಸೇರಿ ಒಂದೆರಡು ಕ್ವಿಂಟಲ್ ಜೋಳ ನೇರವಾಗಿ ರೈತರಿಂದ ಕೊಂಡರೆ ನಿಮಗೆ ಹೊಸ ಜೋಳ, ರೈತನಿಗೆ ನಡುವಿನವರಿಲ್ಲದ ದರ. ಮಾಲದಂಡಿ ತಳಿಯನ್ನೇ ಕೇಳಿ ತೆಗೆದುಕೊಳ್ಳಿ, ರೊಟ್ಟಿಗೆ ಅದರ ರುಚಿಯೇ ಬೇರೆ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿ ಡಬ್ಬಿಯಲ್ಲಿ ತುಂಬಿಡಿ. ಹಿಟ್ಟು ಒಮ್ಮೆಗೇ ಹೆಚ್ಚು ಬೀಸಿಸಬೇಡಿ, ಹಳೆಯದಾದರೆ ರೊಟ್ಟಿ ಹರಿಯುತ್ತದೆ. ತೊಗರಿ, ಶೇಂಗಾ ಎಣ್ಣೆ ಕೂಡ ಹೀಗೇ ಕೂಡಿ ಕೊಳ್ಳಬಹುದು.

ಹೀಗೆ ಕೊಂಡ ಮೇಲೆ ಆ ರೈತನ ಜೊತೆ ಮಾತು ಬಿಡಬೇಡಿ. ಡಿಸೆಂಬರ್, ಜನವರಿ ಹೊತ್ತಿಗೆ ಹಾಲುಗಾಳಿನ ತೆನೆ ಸುಟ್ಟು ಸೀತನಿ ತಿನ್ನುವ ಕಾಲ. ಎಳ್ಳ ಅಮಾವಾಸ್ಯೆಗೆ ನಾವು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುತ್ತೇವೆ (ಭೂತಾಯಿಗೆ ಎಡೆ ಹೊಲದಲ್ಲಿ ಎರಚುವುದು), ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಎಲ್ಲ ಇರುತ್ತದೆ. ಹೊಲ ಇಲ್ಲದ ಗೆಳೆಯರನ್ನು, ನೆರೆಯವರನ್ನು ಕರೆಯುವುದು ನಮ್ಮಲ್ಲಿ ರೂಢಿ. ಪೇಟೆಯ ಮಕ್ಕಳಿಗೆ ತಾವು ಉಣ್ಣುವ ಜೋಳ ನಿಂತಿರುವ ಹೊಲ ನೋಡಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ಕೊಪ್ಪಳ, ಭಾಗ್ಯನಗರ

ಟೀಚರ್, ಒಂದು ಬಿಟ್ಟಿದ್ದೆ. ಪುಂಡಿ ಬಿತ್ತಿದ ಒಂದು ತಿಂಗಳಿಗೆ ಕುಡಿ ಚಿವುಟಿ, ಬುಡಸಮೇತ ಕೀಳಬೇಡಿ. ಚಿವುಟಿದಷ್ಟೂ ಟಿಸಿಲು ಒಡೆಯುತ್ತದೆ, ಮಳೆಗಾಲ ಪೂರ್ತಿ ಪಲ್ಯೆ ಸಿಗುತ್ತದೆ. ಮೂಲೆಯಲ್ಲಿ ಎರಡು ಗಿಡ ಮಾತ್ರ ಮುಟ್ಟದೆ ಬಿಡಿ. ಚಳಿಗಾಲಕ್ಕೆ ಹೂವಾಗಿ ಕಾಯಿ ಒಣಗಿದ ಮೇಲೆ ಬೀಜ ಉದುರಿಸಿ, ಬೂದಿ ಕಲಸಿ ಸೀಸೆಯಲ್ಲಿ ಇಟ್ಟರೆ ಮುಂದಿನ ವರ್ಷ ಇಡೀ ಓಣಿಗೆ ಸಾಕು. ಈ ವರ್ಷಕ್ಕೆ ಬೀಜ ನಮ್ಮಲ್ಲಿ ಇದೆ. ಕೊಪ್ಪಳದ ಕಡೆ ಬರುವವರಿದ್ದರೆ ಹೇಳಿ, ಒಂದು ಹಿಡಿ ಕಟ್ಟಿ ಕಳಿಸುತ್ತೇನೆ.