ಅಂಗಳ, ಪಕ್ಕದ ಓಣಿ, ಹಿತ್ತಲು: ಮೂರನ್ನೂ ಒಂದಾಗಿ ಬಳಸೋದು ಹೇಗೆ?

ಪ್ರಶ್ನೆ (ಬಾವಧನ್, ಪುಣೆ): ನಮಸ್ಕಾರ ಮೇಡಂ. ನಮ್ಮದು ಪೂರ್ವ ದಿಕ್ಕಿನ ಸ್ವಂತ ಮನೆ. ಮುಂದೆ ಹುಲ್ಲುಹಾಸು, ಹಿಂದೆ 15 ಅಡಿ ಹಿತ್ತಲು. ಎರಡರ ನಡುವೆ ಉತ್ತರದ ಕಡೆ 6 ಅಡಿ ಅಗಲ, 30 ಅಡಿ ಉದ್ದದ ಓಣಿ. ಹಿತ್ತಲಲ್ಲಿ ಕೂರೋಕೆ ಅಂತ ಒಂದು ಚಪ್ಪರ ಕಟ್ಟಿಸಿದೆವು. ಎರಡು ವರ್ಷ ಆಯಿತು, ಅಲ್ಲಿ ಯಾರೂ ಕೂರಲ್ಲ. ಮಳೆಗಾಲದಲ್ಲಿ ಓಣಿ ಪೂರ್ತಿ ಕೆಸರು. ಅತ್ತೆಯವರಿಗೆ ಮಂಡಿನೋವು ಬೇರೆ. ಚಪ್ಪರ ಕಿತ್ತು ಮುಂದೆ ಹಾಕಿಸಲಾ?

ಉತ್ತರ (ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್): ದಯವಿಟ್ಟು ಚಪ್ಪರ ಕೀಳಿಸಬೇಡಿ. ಅದು ಸರಿಯಾದ ಜಾಗದಲ್ಲೇ ಇದೆ, ಅಲ್ಲಿಗೆ ಹೋಗೋ ದಾರಿ ಸರಿ ಇಲ್ಲ ಅಷ್ಟೆ. ಅಡುಗೆಮನೆ ಬಾಗಿಲಿಂದ ಹಿತ್ತಲಿಗೆ ಎಷ್ಟು ಇಳಿಯಬೇಕು, ಅಳತೆ ಹೇಳ್ತೀರಾ?

ಪ್ರಶ್ನೆ: ಈಗಷ್ಟೇ ಅಳೆದೆ. 16 ಇಂಚು, ಎರಡೇ ಮೆಟ್ಟಿಲು.

ಉತ್ತರ: ಅಂದ್ರೆ ಒಂದೊಂದು ಮೆಟ್ಟಿಲು 8 ಇಂಚು. ಕೈಯಲ್ಲಿ ಕಾಫಿ ತಟ್ಟೆ ಹಿಡಿದು, ಮಂಡಿನೋವಿನಲ್ಲಿ ಯಾರು ಇಳಿಯುತ್ತಾರೆ ಹೇಳಿ? ಅದನ್ನು ಮೂರು ಮೆಟ್ಟಿಲು ಮಾಡಿಸಿ. ಎತ್ತರ ಐದು ಇಂಚು ಚಿಲ್ಲರೆ ಬರುತ್ತೆ. ಕಾಲಿಡುವ ಅಗಲ 14 ಇಂಚು ಇರಲಿ, ಒಂದು ಕಡೆ ಹಿಡಿಕಂಬಿ ಬೇಕೇ ಬೇಕು. ಈ ವರ್ಷ ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಇದೊಂದನ್ನೇ ಮಾಡಿಸಿ.

ಆಮೇಲೆ ಓಣಿ. ನನ್ನ ಪ್ರಕಾರ ನಿಮ್ಮ ಇಡೀ ತೋಟ ನಿಂತಿರೋದು ಅದರ ಮೇಲೆ. ಮನೆಗೆ ತಾಗಿದಂತೆ 4 ಅಡಿ ಕಲ್ಲಿನ ದಾರಿ ಮಾಡಿ. ಇಬ್ಬರು ಮಾತಾಡುತ್ತಾ ಜೊತೆಯಲ್ಲಿ ನಡೆಯೋಕೆ ಅಷ್ಟು ಸಾಕು. ಉಳಿದ 2 ಅಡಿ ಕಾಂಪೌಂಡ್ ಕಡೆ ಗಿಡದ ಪಾತಿಗೆ. ದಾರಿ ಆ ಪಾತಿ ಕಡೆಗೆ ಸ್ವಲ್ಪ ವಾಲಿರಬೇಕು. 4 ಅಡಿಗೆ ಅರ್ಧ ಇಂಚು ಇಳಿದರೆ ಸಾಕು, ನೀರು ಗೋಡೆ ಹತ್ತಿರ ನಿಲ್ಲಲ್ಲ. ಪಾತಿಯಲ್ಲಿ ಕೆಸು ಹಾಕಿ. ಅದಕ್ಕೆ ನೀರೂ ಇಷ್ಟ, ಉತ್ತರದ ನೆರಳೂ ಇಷ್ಟ. ಪತ್ರೊಡೆಗೂ ಆಗುತ್ತೆ!

ಕಲ್ಲು ಶಹಾಬಾದ್ ಸಾಕು. ನಮ್ಮ ಕಲಬುರಗಿ ಜಿಲ್ಲೆಯದು, ಪುಣೆಯಲ್ಲಿ ಹಳೇ ಮನೆಗಳ ತುಂಬ ಅದೇ ಫರಸಿ. ಆದರೆ ಪಾಲಿಶ್ ಮಾಡಿದ್ದು ಬೇಡ, ಪಾಚಿ ಕಟ್ಟಿದರೆ ಜಾರುತ್ತೆ. ಕೆಳಗಿರೋದು ಎರೆಮಣ್ಣಾ? ಅದಾದರೆ ಒಂದು ಅಡಿ ಅಗೆದು ತೆಗೆದು, ಮುರುಮ್ (ಗರಸು ಮಣ್ಣು) ತುಂಬಿ ಚೆನ್ನಾಗಿ ದಮ್ಮಸು ಮಾಡಿಸಿ. ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಮೇಲಿನ ಕಲ್ಲು ಏರುಪೇರಾಗುತ್ತೆ. ಕಲ್ಲು ಹಾಸುವ ಮೊದಲು ಅಡ್ಡಡ್ಡ ಒಂದೆರಡು ಖಾಲಿ ಪಿವಿಸಿ ಪೈಪ್ ಹೂತಿಡಿ. ಮುಂದೆ ದೀಪದ ವೈರು, ನೀರಿನ ಪೈಪ್ ಎಳೆಯಬೇಕಾದರೆ ಕಲ್ಲು ಕೀಳೋ ಗೋಳು ಇರಲ್ಲ.

ಪ್ರಶ್ನೆ: ಹೌದು, ಎರೆಮಣ್ಣೇ. ಏಪ್ರಿಲ್ ಬಂದರೆ ಸಂಜೆ 6ರವರೆಗೂ ಚಪ್ಪರದಲ್ಲಿ ಬಿಸಿಲು ಮುಖಕ್ಕೇ ಹೊಡೆಯುತ್ತೆ. ಅದಕ್ಕೇನು ಮಾಡೋದು?

ಉತ್ತರ: ಚಪ್ಪರದ ಪಶ್ಚಿಮಕ್ಕೆ ಒಂದು ದೇವಕಣಗಿಲೆ ನೆಡಿ, ಇಲ್ಲಿಯವರು ಚಾಫಾ ಅನ್ನುತ್ತಾರಲ್ಲ, ಅದು. ಚಳಿಗಾಲದಲ್ಲಿ ಎಲೆ ಉದುರಿ ಬಿಸಿಲು ಬಿಡುತ್ತೆ, ಬೇಸಿಗೆಗೆ ಮತ್ತೆ ಎಲೆ ತುಂಬಿ ನೆರಳು. ಬುಡದಲ್ಲಿ ನೀರು ನಿಂತರೆ ಕೊಳೆಯುತ್ತೆ. ಹಾಗಾಗಿ ಸುತ್ತ 16 ಇಂಚು ಎತ್ತರದ ಕಟ್ಟೆ ಕಟ್ಟಿ, ಮಣ್ಣು ಏರಿಸಿ ನೆಡಿ. ಕೂರೋಕೂ ಆಯಿತು. ಅಷ್ಟೇ ಎತ್ತರದ ಇನ್ನೊಂದು ಕಟ್ಟೆ ಮುಂದಿನ ಅಂಗಳದಲ್ಲೂ ಇರಲಿ, ಅದೇ ಕಲ್ಲಿನಲ್ಲಿ. ಓಣಿಯ ಎರಡೂ ತುದಿಯಲ್ಲಿ ಒಂದೇ ಕಲ್ಲು, ಒಂದೇ ಕಟ್ಟೆ ಕಂಡಾಗ ಮೂರು ಜಾಗವೂ ಒಂದೇ ಮನೆಯದು ಅನ್ನಿಸುತ್ತೆ.

ಇನ್ನೊಬ್ಬರು (ಪಣಜಿ): ಇದನ್ನೇ ನಾವೂ ಮಾಡಬಹುದಾ ಮೇಡಂ? ಇಲ್ಲೆಲ್ಲ ಜಂಬಿಟ್ಟಿಗೆ, ಅಂದ್ರೆ ಕೆಂಪು ಮುರಕಲ್ಲು.

ಉತ್ತರ: ಕಟ್ಟೆಗೆ ಜಂಬಿಟ್ಟಿಗೆ ಚೆನ್ನ, ನಡೆಯುವ ದಾರಿಗೆ ಬೇಡ, ಬೇಗ ಪಾಚಿ ಕಟ್ಟುತ್ತೆ. ಪುಣೆಗಿಂತ ನಿಮ್ಮಲ್ಲಿ ಮಳೆ ಎಷ್ಟೋ ಪಟ್ಟು ಜಾಸ್ತಿ ಅಲ್ವಾ? ಓಣಿಗೆ ಮಾಡು (ಚಾವಣಿ) ಇಳಿಸಿಬಿಡಿ. ಗೋವಾದ ಹಳೇ ಮನೆಗಳ ಬಾಲ್ಕಾವ್ ನೋಡಿದ್ದೀರಲ್ಲ, ಮೇಲೆ ಮಾಡು, ಎದುರುಬದುರು ಕಲ್ಲಿನ ಆಸನ. ಅಂಗಳದ ಕಡೆ ಅದನ್ನೇ ಮಾಡಿಸಿ.

ಪ್ರಶ್ನೆ (ಬಾವಧನ್): ಕೆಲಸ ಯಾವಾಗ ಶುರು ಮಾಡಲಿ ಮೇಡಂ?

ಉತ್ತರ: ಮೊದಲು ರಂಗೋಲಿ ಪುಡಿಯಲ್ಲಿ ದಾರಿ ಗೆರೆ ಎಳೆದು ಒಂದು ವಾರ ಅದರಲ್ಲೇ ಓಡಾಡಿ. ಅತ್ತೆಯವರು ಎಲ್ಲಿ ಗೆರೆ ಬಿಟ್ಟು ಅಡ್ಡ ಹಾಯುತ್ತಾರೆ ನೋಡಿ, ಅಲ್ಲಿ ಗೆರೆ ಬದಲಿಸಿ. ಮೇ ಮುಗಿಯೋದರೊಳಗೆ ಕಲ್ಲು ಕೂತಿರಬೇಕು. ಗಿಡ ಮೊದಲ ಮಳೆ ಬಿದ್ದ ಮೇಲೆ.